ಹಿತ್ತಲಲ್ಲಿ ತಾನಾಗೇ ಹುಟ್ಟಿರೋ ಗಿಡಗಳಿಂದ ಟೀ ಮಾಡ್ಬಹುದಾ? ತುಳು ಹೆಸರು ಗೊತ್ತಿಲ್ದೆ ಒದ್ದಾಡ್ತಿದೀನಿ

ಪರ್ಕಳದ ಸೊಸೆ

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಮದುವೆಯಾಗಿ ಉಡುಪಿಗೆ ಬಂದು ಮೂರು ವರ್ಷ ಆಯ್ತು. ಪರ್ಕಳದ ಹತ್ರ ಮನೆ, ಹದಿನೈದು ಸೆಂಟ್ಸ್ ಜಾಗ, ಮನೆ ಬಾವಿ ಬಿಟ್ರೆ ಮಿಕ್ಕಿದ್ದೆಲ್ಲ ಕಾಡೇ, ಅದರಲ್ಲೂ ಈ ಮಳೆಗಾಲದಲ್ಲಿ ಬೆಳಗ್ಗೆ ಇಲ್ಲದ ಗಿಡ ಸಾಯಂಕಾಲಕ್ಕೆ ಇರುತ್ತೆ.

ವಿಷಯ ಏನಂದ್ರೆ ನಾನು ದಿನಕ್ಕೆ ಆರು ಸಲ ಟೀ ಕುಡಿಯೋಳು, ನಮ್ಮ ಕಡೆ ಮಂಡಕ್ಕಿ ಮಿರ್ಚಿ ಇದ್ದಲ್ಲಿ ಟೀ ಇರ್ಲೇಬೇಕು. ಈಗ ಅಸಿಡಿಟಿ ಶುರುವಾಗಿ ಡಾಕ್ಟ್ರು ಎರಡಕ್ಕೆ ಇಳಿಸಿ ಅಂದ್ರು. ಸರಿ ಅಂತ ಹರ್ಬಲ್ ಟೀ ಅಂತ ಒಂದು ಡಬ್ಬ ತಂದೆ, ಇಪ್ಪತ್ತೈದು ಬ್ಯಾಗಿಗೆ ಮುನ್ನೂರು ಚಿಲ್ಲರೆ ರೂಪಾಯಿ, ಹಿಂದೆ ಓದಿ ನೋಡಿದ್ರೆ ಲೆಮನ್ ಗ್ರಾಸ್, ತುಳಸಿ, ದಾಸವಾಳ. ಅಯ್ಯೋ ಇದೆಲ್ಲ ನಮ್ಮ ಹಿತ್ತಲಲ್ಲೇ ಇದೆಯಲ್ಲ ಅನ್ಸಿ ಹೊಟ್ಟೆ ಉರೀತು.

ಅತ್ತೆಗೆ ಎಲ್ಲ ಗಿಡ ಗೊತ್ತು ಆದ್ರೆ ಅವ್ರು ಮೈದುನನ ಮನೆಗೆ ಮುಂಬೈಗೆ ಹೋಗಿದಾರೆ, ಚೌತಿಗೇ ಬರೋದು. ಫೋನಲ್ಲಿ ಕೇಳಿದ್ರೆ ತಿಮರೆ, ನೆಕ್ಕಿ, ಸಾಂಬ್ರಾಣಿ, ಪಾಲೆ, ತಜಂಕ್ ಅಂತ ಎಲ್ಲ ತುಳು ಹೆಸರೇ. ಸಾಂಬ್ರಾಣಿ ಹಾಕಿ ಕಷಾಯ ಮಾಡು ಅಂದಾಗ ನಾನು ದೇವರ ಕೋಣೆಯಲ್ಲಿ ಧೂಪ ಹಾಕೋ ಸಾಂಬ್ರಾಣಿ ಡಬ್ಬಿ ಹಿಡ್ಕೊಂಡು ಐದು ನಿಮಿಷ ನಿಂತಿದ್ದೆ. ದೇವರಾಣೆ.

ಇಲ್ಲಿವರೆಗೆ ಎರಡು ಪ್ರಯೋಗ ಆಗಿದೆ, ಎರಡೂ ಫೇಲ್. ಒಂದು, ಒಣಗಿಸಿದ ಪುನರ್ಪುಳಿ (ಕೋಕಮ್) ಸಿಪ್ಪೆ ಕುದಿಸಿ ಒಳ್ಳೆ ಕೆಂಪು ಬಣ್ಣ ಬಂತು ಅಂತ ಖುಷಿಯಾಗಿ ಹಾಲು ಹಾಕ್ದೆ, ಒಡೆದು ಪನೀರ್ ಆಯ್ತು. ಎರಡು, ಬಾವಿಕಟ್ಟೆ ಪಕ್ಕ ಮೊಣಕಾಲೆತ್ತರದ ಒಂದು ಗಿಡ, ಉದ್ದುದ್ದ ಎಲೆ, ಕಾಂಡ ಮುಟ್ಟಿದ್ರೆ ಚೌಕ, ಸಣ್ಣ ಬಿಳಿ ಹೂವಿನಲ್ಲಿ ನೇರಳೆ ಚುಕ್ಕೆ. ಕಾಡು ತುಳಸಿ ಇರ್ಬೇಕು ಅಂತ ನಾಲ್ಕೇ ಎಲೆ ಹಾಕಿ ಕುದಿಸಿ ಯಜಮಾನ್ರಿಗೆ ಕೊಟ್ಟೆ. ಅವ್ರು ಒಂದು ಗುಟುಕು ಕುಡಿದು ನನ್ನ ಮುಖ ನೋಡಿದ್ದು ಈಗಲೂ ನೆನಪಿದೆ. ಅಂಥಾ ಕಹಿ ನನ್ನ ಜನ್ಮದಲ್ಲಿ ನೋಡಿಲ್ಲ, ರಾತ್ರಿ ಊಟದವರೆಗೂ ಬಾಯಲ್ಲಿತ್ತು.

ಹಾಗಾಗಿ ಕೇಳ್ತಿದೀನಿ, ಯಾವ ಗಿಡ ಧೈರ್ಯವಾಗಿ ಹಾಕ್ಬಹುದು, ಹಸಿದು ಹಾಕೋದಾ ಒಣಗಿಸಿ ಹಾಕೋದಾ, ಈ ಮಳೇಲಿ ಒಣಗಿಸೋದಾದ್ರೂ ಹೇಗೆ, ಮತ್ತೆ ಯಾವುದಕ್ಕೆ ಹಾಲು ಹಾಕ್ಬಹುದು?

ಕಟಪಾಡಿ ಮಲ್ಲಿಗೆ

ಸಾಂಬ್ರಾಣಿ ಓದಿ ನಗಾಡಿ ನಗಾಡಿ ಸಾಕಾಯ್ತು ತಂಗಿ 😂 ನಿಮ್ಮ ಕಡೆ ದೊಡ್ಡಪತ್ರೆ ಅಂತ ಹೇಳ್ತೀರಲ್ಲ ದಪ್ಪ ಎಲೆ, ಮುಟ್ಟಿದ್ರೆ ಓಮದ ವಾಸನೆ, ಅದೇ ನಮ್ಮ ಸಾಂಬ್ರಾಣಿ ಸೊಪ್ಪು. ತಿಮರೆ ಅಂದ್ರೆ ಒಂದೆಲಗ. ನೆಕ್ಕಿ ಅಂದ್ರೆ ಲಕ್ಕಿ ಸೊಪ್ಪು, ಅದು ಕುಡಿಲಿಕ್ಕೆ ಅಲ್ಲ, ಬಾಣಂತಿ ಸ್ನಾನದ ನೀರಿಗೆ ಹಾಕುದು, ಮೈಕೈ ನೋವಿಗೆ ಬಿಸಿನೀರಲ್ಲಿ ಹಾಕುದು. ತಜಂಕ್ ಅಂದ್ರೆ ಚಗಟೆ ಸೊಪ್ಪು, ಈಗ ಆಟಿ ತಿಂಗಳಲ್ಲಿ (ನಿಮ್ಮ ಆಷಾಢದ ಹೊತ್ತು) ಪಲ್ಯ, ಅಂಬಡೆ (ವಡೆ) ಎಲ್ಲ ಮಾಡ್ತಾರೆ. ಪಾಲೆ ವಿಷಯ ಬೇರೆ ಯಾರಾದ್ರೂ ಸರಿ ಗೊತ್ತಿದ್ದವರು ಹೇಳಲಿ.

ಮೊದಲು ಲೆಮನ್ ಗ್ರಾಸಿಂದ ಶುರು ಮಾಡು, ನಾವು ಮಜ್ಜಿಗೆ ಹುಲ್ಲು ಅಂತ ಹೇಳುದು. ಎರಡು ಗ್ಲಾಸ್ ನೀರಿಗೆ ನಾಲ್ಕೈದು ಎಲೆ ಸಾಕು, ಕತ್ತರಿಯಲ್ಲಿ ತುಂಡು ಮಾಡಿ ಹಾಕು, ಕೈಯಲ್ಲಿ ಎಳೆದ್ರೆ ಅಂಚು ಬ್ಲೇಡಿನ ಹಾಗೆ ಕೊಯ್ತದೆ. ಶುಂಠಿ ಜಜ್ಜಿ ಹಾಕಿ ಐದು ನಿಮಿಷ ಕುದಿಸಿ ಮುಚ್ಚಿ ಇಡು. ಇದಕ್ಕೆ ಹಾಲು ಹಾಕಿದ್ರೂ ಆಗ್ತದೆ. ಸಾಂಬ್ರಾಣಿ ಮಾತ್ರ ಕುದಿಸ್ಲಿಕ್ಕೆ ಹೋಗ್ಬೇಡ, ಒಲೆ ಆಫ್ ಮಾಡಿದ ಮೇಲೆ ಎರಡು ಎಲೆ ಹರಿದು ಹಾಕಿ ಮುಚ್ಚು, ಕುದಿಸಿದ್ರೆ ವಾಸನೆ ಎಲ್ಲ ಆವಿಯೊಟ್ಟಿಗೆ ಅಡುಗೆಮನೆಗೆ ಹೋಗ್ತದೆ ಲೋಟದಲ್ಲಿ ಎಂತ ಉಳಿಯುದಿಲ್ಲ.

ಪುನರ್ಪುಳಿಗೆ ಹಾಲು ಯಾರಾದ್ರೂ ಹಾಕ್ತಾರಾ ಮಾರಾಯ್ತಿ! ಹುಳಿ ಅದು. ಬೆಲ್ಲ, ಚೂರು ಜೀರಿಗೆ ಪುಡಿ, ಒಂದು ಚಿಟಿಕೆ ಉಪ್ಪು ಹಾಕಿ ಬಿಸಿಬಿಸಿ ಕುಡಿ. ಇನ್ನೊಂದು, ಹಾಲು ಹಾಕುವ ಕಷಾಯಕ್ಕೆ ಬೆಲ್ಲ ಹಾಕುದಾದ್ರೆ ಒಲೆಯಿಂದ ಇಳಿಸಿದ ಮೇಲೆ ಹಾಕು, ಒಟ್ಟಿಗೆ ಕುದಿಸಿದ್ರೆ ಕೆಲವು ಬೆಲ್ಲದಲ್ಲಿ ಹಾಲು ಒಡೆಯುದುಂಟು.

ನನಗೆ ಕೇಳಿದ್ರೆ ಕಾಡುಗಿಡ ಎಲ್ಲ ಬಿಟ್ಟು ಕೊತ್ತಂಬರಿ ಒಂದು ಕಪ್, ಜೀರಿಗೆ ಅರ್ಧ ಕಪ್, ಕಾಳುಮೆಣಸು ಒಂದು ಚಮಚ, ಮೆಂತೆ ಅರ್ಧ ಚಮಚ ಬೇರೆಬೇರೆ ಹುರಿದು ಪುಡಿ ಮಾಡಿ ಡಬ್ಬದಲ್ಲಿ ಹಾಕಿಡು. ನಮ್ಮ ಮನೆಯಲ್ಲಿ ಚಾ ಬಿಟ್ಟದ್ದೇ ಆ ಕಷಾಯದಿಂದ.

ಬಜ್ಪೆ ಬಸ್ಸು

ಆರು ಚಾ ಬಿಟ್ಟು ಆರು ಕಷಾಯ ಕುಡಿದ್ರೆ ಎಂತ ಉಪಕಾರ ಆಯ್ತು? ಡಾಕ್ಟ್ರು ಕಮ್ಮಿ ಮಾಡ್ಲಿಕ್ಕೆ ಹೇಳಿದ್ದು, ಎಕ್ಸ್‌ಚೇಂಜ್ ಮಾಡ್ಲಿಕ್ಕೆ ಅಲ್ಲ 😄

ನೀಲಿ ಶಂಖಪುಷ್ಪ ಉಂಟಾ ಬೇಲಿಯಲ್ಲಿ? ಆರು ಹೂ ಬಿಸಿನೀರಿಗೆ ಹಾಕಿ, ಬುಡದ ಹಸಿರು ತೊಟ್ಟು ತೆಗೀಬೇಕು, ಐದು ನಿಮಿಷದಲ್ಲಿ ಶಾಯಿಯ ಹಾಗೆ ನೀಲಿ ಆಗ್ತದೆ, ನಿಂಬೆ ಹಿಂಡಿದ್ರೆ ನೇರಳೆ. ಮಕ್ಕಳಿಗೆ ತೋರಿಸ್ಲಿಕ್ಕೆ ಭಯಂಕರ ಒಳ್ಳೇದು. ರುಚಿ ಮಾತ್ರ ಸತ್ಯ ಹೇಳ್ಬೇಕಾದ್ರೆ ಎಂತದೂ ಇಲ್ಲ, ಬಣ್ಣದ ಬಿಸಿನೀರು. ಮಜ್ಜಿಗೆ ಹುಲ್ಲು ಒಟ್ಟಿಗೆ ಹಾಕಿದ್ರೆ ಪರ್ವಾಗಿಲ್ಲ.

ಕುತ್ಪಾಡಿಯಲ್ಲಿ ಓದಿದವ

ಬಾವಿಕಟ್ಟೆಯ ಗಿಡ ನೀವು ಹೇಳಿದ ಪ್ರಕಾರ ನೋಡಿದ್ರೆ ಕಿರಾತಕಡ್ಡಿ, ನೆಲಬೇವು ಅಂತಲೂ ಹೇಳ್ತಾರೆ. ಚೌಕ ಕಾಂಡ ತುಳಸಿಗೂ ಉಂಟು ನಿಜ, ಆದ್ರೆ ತುಳಸಿ ಎಲೆ ಜಜ್ಜಿದ್ರೆ ಪರಿಮಳ ಬರ್ಬೇಕು, ಕಿರಾತಕಡ್ಡಿಗೆ ಪರಿಮಳವೇ ಇಲ್ಲ. ಕಹಿಯ ರಾಜ ಅಂತಲೇ ಅದಕ್ಕೆ ಹೆಸರು, ನಿಮ್ಮ ಯಜಮಾನ್ರು ಬದುಕಿದ್ದಾರೆ ಚಿಂತೆ ಬೇಡ, ಆದ್ರೆ ಅದನ್ನು ಚಾ ಅಂತ ಕೊಡುದು ಸ್ವಲ್ಪ ಕ್ರೂರ ಆಯ್ತು.

ಇದನ್ನು ನಗೆಯಾಗಿ ಬಿಡ್ಲಿಕ್ಕೂ ಆಗುದಿಲ್ಲ. ನೀವು ಇರ್ಬೇಕು ಅಂತ ಎಣಿಸಿ ಕುದಿಸಿದ್ರಿ ನೋಡಿ, ಈ ಸಲ ಸಿಕ್ಕಿದ್ದು ಬರೀ ಕಹಿ. ಪಾಲೆ ಅಂತ ಅತ್ತೆ ಹೇಳಿದ್ರಲ್ಲ, ಅದು ಹಾಲೆ ಮರ, ಸಪ್ತಪರ್ಣಿ. ಆಟಿ ಅಮಾವಾಸ್ಯೆ ದಿನ ಸೂರ್ಯ ಹುಟ್ಟುವ ಮೊದಲು ಹೋಗಿ ಕತ್ತಿ ಮುಟ್ಟಿಸದೆ ಕಲ್ಲಿನಲ್ಲಿ ಜಜ್ಜಿ ಕೆತ್ತೆ (ತೊಗಟೆ) ತೆಗೆದು, ಓಮ ಕಾಳುಮೆಣಸು ಬೆಳ್ಳುಳ್ಳಿ ಹಾಕಿ ಕಷಾಯ ಮಾಡಿ, ಬಿಳಿ ಕಲ್ಲು ಕೆಂಡದಲ್ಲಿ ಕಾಯಿಸಿ ಅದಕ್ಕೆ ಹಾಕಿ ಖಾಲಿ ಹೊಟ್ಟೆಗೆ ಕುಡಿಯುದು, ಆಮೇಲೆ ಉಷ್ಣ ಆಗ್ತದೆ ಅಂತ ಮೆಂತೆ ಗಂಜಿ. ಈಗ ಯೋಚನೆ ಮಾಡಿ, ಕತ್ತಲೆ, ಮಳೆ, ಕೈಯಲ್ಲಿ ಮೊಬೈಲ್ ಟಾರ್ಚ್. ಹಾಲೆ ಅಂತ ಎಣಿಸಿ ಕಾಸರಕದ ಕೆತ್ತೆ ತಂದ್ರೆ ಕಥೆ ಮುಗೀತು. ತುಳುವಿನಲ್ಲಿ ಕಾಯೆರ್ ಅಂತಾರೆ, ಸ್ಟ್ರಿಕ್ನಿನ್ ವಿಷ ಬರುದು ಆ ಮರದಿಂದಲೇ, ಸ್ನಾಯು ಎಲ್ಲ ಸೆಟೆದು ಫಿಟ್ಸ್ ಬರ್ತದೆ. ನಮ್ಮ ಗುಡ್ಡೆಗಳಲ್ಲಿ ಎರಡೂ ಮರ ಉಂಟು.

ಹಾಲೆಯಲ್ಲಿ ಒಂದೇ ಗಂಟಿನಿಂದ ಸುತ್ತ ಐದು, ಆರು, ಏಳು ಎಲೆ ಕೊಡೆಯ ಹಾಗೆ ಬರ್ತದೆ, ಗಾಯ ಮಾಡಿದ್ರೆ ಬಿಳಿ ಹಾಲು. ಕಾಸರಕದಲ್ಲಿ ಎಲೆ ಎದುರುಬದುರು ಎರಡೆರಡೇ, ಎಲೆಯ ಬುಡದಿಂದ ತುದಿಗೆ ಮೂರೋ ಐದೋ ನರ ಎದ್ದು ಕಾಣ್ತದೆ, ಹಾಲು ಇಲ್ಲ, ಕಿತ್ತಳೆ ಬಣ್ಣದ ಉಂಡೆ ಹಣ್ಣು. ಅಂತ ಹೇಳಿ ಹಾಲು ಬಂದದ್ದೆಲ್ಲ ಹಾಲೆ ಅಲ್ಲ ಮಾರಾಯ್ರೆ, ಎಕ್ಕಕ್ಕೂ ಹಾಲು ಬರ್ತದೆ, ಹಳದಿ ಕಣಗಿಲೆಗೂ ಬರ್ತದೆ, ಎರಡೂ ವಿಷ. ಹಾಗಾಗಿ ಮರ ಹಿಂದಿನ ದಿನ ಹಗಲಿನಲ್ಲೇ ನೋಡಿ ಗುರುತು ಮಾಡಿಟ್ಟು ಬರ್ಬೇಕು, ಗೊತ್ತಿದ್ದವರ ಒಟ್ಟಿಗೆ. ನಿಮಗೆ ಅಂತೂ ಈ ವರ್ಷ ಪಾಲೆ ಬೇಡ, ಅತ್ತೆ ಬಂದ ಮೇಲೆ ಮುಂದಿನ ಆಟಿಗೆ ನೋಡುವ.

ಹೆಸರು ನಂಬಿ ಗಿಡ ಕೊಯ್ಯುದೂ ಬೇಡ. ನಾಯಿತುಳಸಿ ಅಂತ ಒಂದೊಂದು ಊರಲ್ಲಿ ಒಂದೊಂದು ಗಿಡಕ್ಕೆ ಹೇಳ್ತಾರೆ. ಬ್ರಾಹ್ಮಿ ಅಂದ್ರೆ ಕೆಲವರಿಗೆ ಒಂದೆಲಗ, ಕೆಲವರಿಗೆ ನೀರಿನ ಬದಿ ಹರಡುವ ದಪ್ಪ ಸಣ್ಣ ಎಲೆಯ ಬೇರೆಯೇ ಗಿಡ. ದಾಸವಾಳವೂ ಹಾಗೆಯೇ. ನಿಮ್ಮ ಡಬ್ಬದಲ್ಲಿದ್ದದ್ದು ನಿಮ್ಮ ಅಂಗಳದ ದಾಸವಾಳ ಆಗಿರುದು ಕಮ್ಮಿ, ಅಂಗಡಿಯ ಹುಳಿ ಕೆಂಪು ಚಾ ಬರುದು ಪುಂಡಿ ಜಾತಿಯ ಗಿಡದ ಹೂವಿನ ಬುಡದ ಕೆಂಪು ದಳದಿಂದ. ಅಂಗಳದ್ದು ಐದು ಎಸಳಿನ ಕೆಂಪು ದಾಸವಾಳವೂ ಹಾಕ್ಬಹುದು, ನಡುವಿನ ಕೇಸರ ತೆಗೆದು ಎಸಳು ಮಾತ್ರ, ಬಣ್ಣ ಬರ್ತದೆ, ಹುಳಿ ಬರುದಿಲ್ಲ.

ಮಂಗಳೂರಿನ ಹತ್ರ ಪಿಲಿಕುಳ ನಿಸರ್ಗಧಾಮಕ್ಕೆ ಒಂದು ಭಾನುವಾರ ಹೋಗಿ ಬನ್ನಿ, ಪಶ್ಚಿಮ ಘಟ್ಟದ ಮರಗಳನ್ನು ಅಲ್ಲಿ ನೆಟ್ಟಿದ್ದಾರೆ. ಫೋಟೊ ನೋಡಿ ಕಲಿಯುದಕ್ಕಿಂತ ಎಲೆ ಮುಟ್ಟಿ ಮೂಸಿ ಕಲಿಯುದು ಬೇರೆ.

ನೈಟ್ ಡ್ಯೂಟಿ ಮಂಗಳೂರು

ನಾನು ನರ್ಸ್, ಹಾಗಾಗಿ ಸ್ವಲ್ಪ ಬೋರಿಂಗ್ ಮಾತು ಹೇಳ್ತೇನೆ ಕ್ಷಮಿಸಿ. ಅಮೃತಬಳ್ಳಿ ಯಾರೂ ಹೇಳ್ಲಿಲ್ಲ ಇಲ್ಲಿ, ಆದ್ರೆ ಮುಂದಿನ ರಿಪ್ಲೈಯಲ್ಲಿ ಖಂಡಿತ ಯಾರಾದ್ರೂ ಹೇಳ್ತಾರೆ, ಅದಕ್ಕೆ ಮೊದಲೇ ಬರೀತಿದ್ದೇನೆ. ಕೊರೊನಾ ಟೈಮಲ್ಲಿ ನಮ್ಮ ಮಾವ ದಿನಾ ಬೆಳಗ್ಗೆ ಅಮೃತಬಳ್ಳಿ ಕಷಾಯ, ಇಮ್ಯುನಿಟಿ ಅಂತ, ನಾಲ್ಕು ತಿಂಗಳು ಬಿಡದೆ ಕುಡಿದ್ರು. ಒಂದು ದಿನ ಕಣ್ಣು ಹಳದಿ. ಡಾಕ್ಟ್ರು ಬೇರೆ ಕಾರಣ ಎಲ್ಲ ಹುಡುಕಿ ಎಂತದೂ ಸಿಗದೆ ಕಡೆಗೆ ಕಷಾಯ ನಿಲ್ಲಿಸಿ ಅಂದ್ರು, ನಿಲ್ಲಿಸಿದ ಮೇಲೆ ರಿಪೋರ್ಟ್ ಮೆಲ್ಲ ಸರಿ ಆಯ್ತು. ಅದರಿಂದಲೇ ಅಂತ ನಾನು ಆಣೆ ಹಾಕಿ ಹೇಳುದಿಲ್ಲ. ಆದ್ರೆ 2021ರಲ್ಲಿ ಮುಂಬೈಯ ಲಿವರ್ ಡಾಕ್ಟ್ರುಗಳು ಇದೇ ರೀತಿಯ 6 ಪೇಷೆಂಟ್ ಬಗ್ಗೆ ಬರೆದಿದ್ರು, ಆಯುಷ್ ಮಂತ್ರಾಲಯ ಅದನ್ನು ಒಪ್ಪಲಿಲ್ಲ, ಅವರು ಕುಡಿದದ್ದು ಅಮೃತಬಳ್ಳಿಯೇ ಹೌದಾ ಅದರ ಹಾಗೆ ಕಾಣುವ ಇನ್ನೊಂದು ಬಳ್ಳಿಯಾ ಅಂತ ಕೇಳ್ತು. ಯಾರ ಮಾತು ಸರಿ ಅಂತ ಬಿಡಿ, ಎರಡರಲ್ಲೂ ನಮಗೆ ಬೇಕಾದ್ದು ಉಂಟು. ಲಿವರ್ ತೊಂದರೆ ಇದ್ದವರು ಮುಟ್ಟಬಾರ್ದು, ಮತ್ತೆ ಗಿಡ ಯಾವುದು ಅಂತ ಖಾತ್ರಿ ಇಲ್ಲದಿದ್ರೆ ಯಾರೂ ಮುಟ್ಟಬಾರ್ದು.

ನಿತ್ಯಪುಷ್ಪದ ಎಲೆ ಶುಗರಿಗೆ ಅಂತ ಕುದಿಸಿ ಕುಡಿಯುವವರನ್ನು ನಾನೇ ನೋಡಿದ್ದೇನೆ. ಮಾರಾಯ್ರೆ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ಇಂಜೆಕ್ಷನ್ ಮೊದಲು ತೆಗೆದದ್ದೇ ಆ ಗಿಡದಿಂದ, ವಾರ್ಡಲ್ಲಿ ನಾವು ಗ್ಲೌಸ್ ಹಾಕಿ ಹಿಡಿಯುವ ಮದ್ದು ಅದು. ಚಾ ಅಲ್ಲ. ಶುಗರ್, ಬಿಪಿ, ರಕ್ತ ತೆಳು ಮಾಡುವ ಮಾತ್ರೆ ಇರುವವರು, ಬಸುರಿಯರು, ಹಾಲು ಕುಡಿಸುವವರು ಡಾಕ್ಟ್ರಲ್ಲಿ ಕೇಳದೆ ಇಂಥದ್ದು ದಿನಾ ಕುಡಿಬೇಡಿ.

ವಗ್ಗದ ತೋಟದಮನೆ

ನರ್ಸಕ್ಕ ಎಲ್ಲ ಹೆದರಿಸಿ ಬಿಟ್ರು. ನಮ್ಮ ಅಜ್ಜಂದಿರು ಇದನ್ನೇ ಕುಡಿದು ತೊಂಬತ್ತು ವರ್ಷ ಬದುಕಿದವರು ಅಲ್ವಾ, ಆಗ ಎಲ್ಲಿತ್ತು ಲಿವರ್ ಟೆಸ್ಟು?

ಕುತ್ಪಾಡಿಯಲ್ಲಿ ಓದಿದವ

ಅಜ್ಜಂದಿರು ಪಾಲೆ ಕಷಾಯ ಕುಡಿದದ್ದು ವರ್ಷಕ್ಕೆ ಒಂದು ದಿನ, ಒಂದು ಲೋಟ, ಅದರ ಮೇಲೆ ಮೆಂತೆ ಗಂಜಿ. ದಿನಾ ಬೆಳಗ್ಗೆ ಫ್ಲಾಸ್ಕಿನಲ್ಲಿ ಹಾಕಿ ಆಫೀಸಿಗೆ ತಗೊಂಡು ಹೋಗ್ಲಿಲ್ಲ. ಜ್ವರದ ಕಷಾಯ ಜ್ವರ ಬಿಡುವವರೆಗೆ. ದಿನಾ ಕುಡಿದದ್ದು ಕೊತ್ತಂಬರಿ ಜೀರಿಗೆಯದ್ದು, ಅದು ಮೇಲೆ ಅಕ್ಕ ಬರೆದದ್ದೇ.

ವಗ್ಗದ ತೋಟದಮನೆ

ಅದು ಹೌದು, ಒಪ್ಪಿದೆ 🙏 ನಮ್ಮಲ್ಲಿಯೂ ಪಾಲೆ ಆಟಿಗೆ ಮಾತ್ರ.

ನಾನು ತೋಟದವ, ನನಗೆ ಗೊತ್ತಿದ್ದದ್ದು ಹೇಳ್ತೇನೆ. ಈಗ ಎಲ್ಲ ಕಡೆ ಅಡಿಕೆಗೆ ಕೊಳೆರೋಗಕ್ಕೆ ಮದ್ದು ಬಿಡುವ ಸಮಯ. ಬೋರ್ಡೋ ಅಂದ್ರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು ಒಂದು ಕೆಜಿ ಸುಣ್ಣ, ಮೇಲೆ ಗೊನೆಗೆ ಬಿಟ್ರೆ ಅರ್ಧ ಕೆಳಗೆ ತಿಮರೆಯ ಮೇಲೆಯೇ ಬೀಳುದು. ಎಲೆಯ ಮೇಲೆ ತಿಳಿ ನೀಲಿ ಕಲೆ ಕಂಡ್ರೆ ಅದು ಆ ಮದ್ದು. ನಿಮ್ಮ ಪಕ್ಕದವರ ತೋಟದಿಂದ ಗಾಳಿಗೆ ಬರ್ತದೆ, ಕೇಳಿ ಕೊಯ್ಯಿರಿ. ರಸ್ತೆ ಬದಿ, ಚರಂಡಿ ಬದಿಯ ತಿಮರೆ ಎಷ್ಟು ಚಂದ ಕಂಡ್ರೂ ಬೇಡ, ಅದು ಚಂದ ಆದದ್ದು ಎಂತದನ್ನು ಕುಡಿದು ಅಂತ ಯೋಚನೆ ಮಾಡಿ.

ನನ್ನ ಫೇವರಿಟ್ ಹೇಳ್ತೇನೆ, ನಾಮದ ಬೇರು. ನನ್ನಾರಿ, ಸೊಗದೆ ಬೇರು ಎಲ್ಲ ಅದೇ. ಗುಡ್ಡೆಯಲ್ಲಿ ಸಪೂರ ಬಳ್ಳಿ, ಉದ್ದ ಎಲೆಯ ನಡುವೆ ನಾಮ ಎಳೆದ ಹಾಗೆ ಬಿಳಿ ಗೆರೆ. ಬೇರು ಜಜ್ಜಿದ್ರೆ ಐಸ್‌ಕ್ರೀಮ್ ಅಂಗಡಿಯ ವಾಸನೆ ಬರ್ತದೆ, ನಿಜವಾಗಿ. ಬೆರಳುದ್ದದ ನಾಲ್ಕು ತುಂಡು ತೊಳೆದು ಜಜ್ಜಿ ಎರಡು ಗ್ಲಾಸ್ ನೀರು ಒಂದೂವರೆ ಆಗುವವರೆಗೆ ಸಣ್ಣ ಬೆಂಕಿಯಲ್ಲಿ ಕುದಿಸಿ ಬೆಲ್ಲ ಹಾಕಿ, ಹಾಲು ಹಾಕಿದ್ರೂ ಒಡೆಯುದಿಲ್ಲ. ಎಲೆಗೆ ಬಿಸಿನೀರು ಸಾಕು, ಬೇರು ಕೆತ್ತೆ ಮಾತ್ರ ಕುದಿಬೇಕು. ಆದ್ರೆ ಇಡೀ ಬಳ್ಳಿ ಕಿತ್ತು ತರ್ಬೇಡಿ, ಒಂದು ಬದಿಯ ಬೇರು ತೆಗೆದು ಮಣ್ಣು ಮುಚ್ಚಿ ಬನ್ನಿ, ನಮ್ಮ ಗುಡ್ಡೆಯಲ್ಲಿ ಮೊದಲು ಎಲ್ಲಿ ನೋಡಿದ್ರೂ ಇತ್ತು ಈಗ ಹುಡುಕ್ಬೇಕು.

ಮತ್ತೆ ತಜಂಕ್. ಸೊಪ್ಪಿನ ಸಮಯ ಆಟಿ, ಬೀಜದ ಸಮಯ ಮಳೆ ಬಿಟ್ಟ ಮೇಲೆ. ಸಪೂರ ಉದ್ದ ಕೋಡು ಒಣಗಿದಾಗ ಬೀಜ ಬಿಡಿಸಿ ಚಟಪಟ ಹೇಳುವವರೆಗೆ ಹುರಿದು ಪುಡಿ ಮಾಡಿದ್ರೆ ಕಾಫಿಯ ತಮ್ಮನ ಹಾಗೆ ಇರ್ತದೆ. ಕೊರಿಯಾ ಜಪಾನಿನಲ್ಲಿ ಇದೇ ಜಾತಿಯ ಬೀಜದ ಚಾ ಮಾಮೂಲಿ ಅಂತೆ, ನಾವು ಹುಲ್ಲು ಕೊಚ್ಚುವ ಮೆಷಿನಿನಲ್ಲಿ ಹಾರಿಸುದು. ಹೆಚ್ಚು ಕುಡಿದ್ರೆ ಬೆಳಗ್ಗೆ ಎರಡು ಸಲ ಓಡ್ಬೇಕಾಗ್ತದೆ ಅದೊಂದು ನೆನಪಿರಲಿ.

ಕಟಪಾಡಿ ಮಲ್ಲಿಗೆ

ಒಣಗಿಸುದು ಕೇಳಿದ್ದಿಯಲ್ಲ ಯಾರೂ ಹೇಳ್ಲಿಲ್ಲ. ಈಗ ಒಣಗಿಸುದೇ ಬೇಡ ತಂಗಿ, ಜೂನಿಂದ ಸೆಪ್ಟೆಂಬರ್ ವರೆಗೆ ನಮ್ಮಲ್ಲಿ ಸೀರೆಯೇ ಒಣಗುದಿಲ್ಲ. ನಾನೊಮ್ಮೆ ತುಳಸಿ ಒಣಗಿತು ಅಂತ ಬಾಟ್ಲಿಗೆ ತುಂಬಿಸಿ ಹತ್ತು ದಿನ ಕಳೆದು ನೋಡಿದ್ರೆ ಒಳಗೆ ಬಿಳಿ ಬೂಸ್ಟು, ಇಡೀ ಬಾಟ್ಲಿ ತೆಂಗಿನ ಬುಡಕ್ಕೆ. ಮಳೆಗಾಲದಲ್ಲಿ ಹಸಿದೇ ಕೊಯ್ದು ಹಾಕು, ಹೇಗೂ ಗಿಡ ಬಾಗಿಲಲ್ಲೇ ಉಂಟಲ್ಲ. ಫೆಬ್ರವರಿ ಮಾರ್ಚಲ್ಲಿ ತಡ್ಪೆಯಲ್ಲಿ (ಮೊರದಲ್ಲಿ) ಹರಡಿ ನೆರಳಲ್ಲಿ ಮೂರು ದಿನ ಇಡು, ಕೈಯಲ್ಲಿ ಹಿಚುಕಿದ್ರೆ ಪುಡಿ ಪುಡಿ ಆಗ್ಬೇಕು, ಬಗ್ಗಿದ್ರೆ ಇನ್ನೂ ಆಗ್ಲಿಲ್ಲ ಅಂತ. ಬಿಸಿಲಲ್ಲಿ ಒಣಗಿಸುದು ಪುನರ್ಪುಳಿ ಸಿಪ್ಪೆ ಮಾತ್ರ, ಅದು ಏಪ್ರಿಲ್ ಮೇಯಲ್ಲಿ, ಮಳೆ ಬರುವ ಮೊದಲು ಒಳಗೆ ಬರ್ಬೇಕು.

ಪರ್ಕಳದ ಸೊಸೆ

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟೆಲ್ಲ ಬರೀತೀರಿ ಅಂದ್ಕೊಂಡಿರ್ಲಿಲ್ಲ. ಒಂದು ವಾರದ ವರದಿ ಕೊಡ್ತೀನಿ.

ಬೆಳಗ್ಗೆ ಒಂದು ಟೀ, ಮಧ್ಯಾಹ್ನ ಒಂದು ಟೀ, ಅದು ಮಾಮೂಲಿ ಟೀನೇ, ಅದನ್ನ ಬಿಡಕ್ಕಾಗಲ್ಲ. ನಾಲ್ಕು ಗಂಟೆಗೆ ಮಜ್ಜಿಗೆ ಹುಲ್ಲು ಶುಂಠಿ, ಕೊನೇಲಿ ಸಾಂಬ್ರಾಣಿ (ಎಲೆ!) ಹಾಕಿ ಮುಚ್ತೀನಿ. ಇದು ನಿಜವಾಗ್ಲೂ ಚೆನ್ನಾಗಿದೆ, ಆ ಡಬ್ಬದ ಟೀಗಿಂತ ಸಾವಿರ ಪಾಲು ವಾಸಿ. ರಾತ್ರಿ ಕೊತ್ತಂಬರಿ ಜೀರಿಗೆ ಕಷಾಯ, ಬೆಲ್ಲ ಇಳಿಸಿದ ಮೇಲೆ, ಒಡೀಲಿಲ್ಲ. ಬಜ್ಪೆಯವರೇ ಲೆಕ್ಕ ಹಾಕ್ಕೊಳ್ಳಿ, ಆರು ನಾಲ್ಕಾಯ್ತು. ನೀಲಿ ಟೀ ಮಾಡಿ ನಿಂಬೆ ಹಿಂಡಿ ಪಕ್ಕದ ಮನೆ ಮಗೂಗೆ ತೋರಿಸ್ದೆ, ಈಗ ದಿನಾ ಬಂದು ಬೇಲಿ ಹೂವೆಲ್ಲ ಕಿತ್ಕೊಂಡು ಹೋಗ್ತಿದೆ.

ನಿನ್ನೆ ಅತ್ತೆಗೆ ವಿಡಿಯೋ ಕಾಲ್ ಮಾಡಿ ಫೋನ್ ಹಿಡ್ಕೊಂಡು ಇಡೀ ಹಿತ್ತಲು ಸುತ್ತಿಸ್ದೆ, ಒಂದು ಗಂಟೆ, ಮಳೆ ಬೇರೆ, ಒಂದು ಕೈಲಿ ಕೊಡೆ. ಬಾವಿಕಟ್ಟೆ ಗಿಡ ತೋರಿಸಿದ ತಕ್ಷಣ ಅಯ್ಯೋ ಅದು ಕಿರಾತಕಡ್ಡಿ, ನಾನೇ ನೆಟ್ಟದ್ದು, ಕಿತ್ತು ಬಿಸಾಡ್ಬೇಡ ಅಂದ್ರು. ಮಗನಿಗೆ ಕುಡಿಸಿದ್ದು ಹೇಳಿದ್ರೆ ಆ ಕಡೆಯಿಂದ ಹತ್ತು ಸೆಕೆಂಡ್ ಮಾತೇ ಇಲ್ಲ, ಆಮೇಲೆ ನಗು. ಅವನಿಗೆ ಚಿಕ್ಕಂದಿನಲ್ಲಿ ಜ್ವರ ಬಂದಾಗ ಅದನ್ನು ಕುಡಿಸ್ಲಿಕ್ಕೆ ಇಬ್ರು ಹಿಡ್ಕೊಳ್ಬೇಕಿತ್ತಂತೆ, ನೀನು ಒಬ್ಳೇ ಹೇಗೆ ಕುಡಿಸಿದೆ ಅಂತ ಕೇಳ್ತಾರೆ.

ಒಂದು ಮಾತ್ರ ಅತ್ತೆಗೂ ಗೊತ್ತಾಗ್ಲಿಲ್ಲ. ಪಾಗಾರದ ಮೇಲೆ ಹತ್ತಿರೋ ಬಳ್ಳಿ, ಹೃದಯದ ಆಕಾರದ ಎಲೆ, ಕಾಂಡದ ಮೇಲೆಲ್ಲ ಗುಳ್ಳೆ ಗುಳ್ಳೆ. ಅಮೃತಬಳ್ಳಿನಾ?

ಕುತ್ಪಾಡಿಯಲ್ಲಿ ಓದಿದವ

ಎಲೆ ಎರಡಕ್ಕೂ ಒಂದೇ ಹಾಗೆ ಕಾಣ್ತದೆ, ಆದ್ರೆ ಕಾಂಡ ಇಡೀ ಒತ್ತೊತ್ತಾಗಿ ಗುಳ್ಳೆ ಇದ್ರೆ ಅದು ನರ್ಸಕ್ಕ ಹೇಳಿದ ಆ ಇನ್ನೊಂದು ಬಳ್ಳಿ ಆಗಿರುವ ಚಾನ್ಸ್ ಉಂಟು, ಟೈನೊಸ್ಪೊರಾ ಕ್ರಿಸ್ಪಾ. ಬರೆದದ್ದು ಓದಿ ನಾನು ಖಚಿತ ಹೇಳುದಿಲ್ಲ. ಒಂದು ಗೇಣು ಕಾಂಡ ಎಲೆ ಸಮೇತ ಕವರಲ್ಲಿ ಹಾಕಿ ಗಿಡ ಗೊತ್ತಿರುವ ವೈದ್ಯರಿಗೆ ತೋರಿಸಿ. ಅಲ್ಲಿವರೆಗೆ ಪಾಗಾರದ ಮೇಲೆಯೇ ಇರಲಿ.

ಬಜ್ಪೆ ಬಸ್ಸು

ಯಜಮಾನ್ರಿಗೆ ಮಾತ್ರ ಕೊಟ್ಟು ನೋಡ್ಬೇಡಿ ಇನ್ನು 😄

ಕಟಪಾಡಿ ಮಲ್ಲಿಗೆ

ತಂಗಿ, ಮಜ್ಜಿಗೆ ಹುಲ್ಲು ಅಷ್ಟು ಉಂಟಾದ್ರೆ ಬುಡ ಸಮೇತ ಒಂದು ಹಿಡಿ ತೆಗೆದಿಡು, ನಮ್ಮದು ಈ ಸಲದ ಮಳೆಗೆ ಕೊಳೆತು ಹೋಯ್ತು. ಮುಂದಿನ ವಾರ ಮಣಿಪಾಲಕ್ಕೆ ಬರ್ಲಿಕ್ಕುಂಟು, ಬರುವಾಗ ನಾಲ್ಕು ಚೆಂಡು ಮಲ್ಲಿಗೆ ತರ್ತೇನೆ.